ಪರಿಸರ ವಿಜ್ಞಾನ ಓದಲು ಮನೆ ಹತ್ತಿರದ ಕಾಲೇಜು ಸಾಕೇ?

ಪ್ರಶ್ನೆ: ಶಾಲೆಯ ಕೊನೆಯ ವರ್ಷದ ಪರೀಕ್ಷೆ ಮುಗಿಸಿದ್ದೇನೆ. ಪದವಿಯಲ್ಲಿ ಪರಿಸರ ವಿಜ್ಞಾನ ಓದಬೇಕೆಂಬ ಆಸೆ. ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ ಒಂದು ಸಾಧಾರಣ ಕಾಲೇಜಿದೆ. ಅಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರದ ಜೊತೆಗೆ ಪರಿಸರ ವಿಜ್ಞಾನವೂ ಇದೆ. ಹೆಸರುವಾಸಿ ಕಾಲೇಜಿಗೆ ಹೋಗಬೇಕೆಂದರೆ ಒಂದೂವರೆ ಗಂಟೆ ಪ್ರಯಾಣ. ಮನೆಯಲ್ಲಿ ಹತ್ತಿರದ್ದೇ ಸಾಕು ಅನ್ನುತ್ತಾರೆ. ಗೆಳೆಯರು ಅಲ್ಲಿ ಸೇರಿದರೆ ಮುಂದೆ ದಾರಿಯಿಲ್ಲ ಅನ್ನುತ್ತಾರೆ. ಹೇಗೆ ನಿರ್ಧರಿಸಲಿ? ಇನ್ನೊಂದು ಮಾತು, ರಸಾಯನಶಾಸ್ತ್ರದಲ್ಲಿ ನಾನು ಅಷ್ಟಕ್ಕಷ್ಟೇ. ತೊಂದರೆಯಾಗುತ್ತದೆಯೇ?

ಉತ್ತರ: ಹತ್ತಿರದ ಕಾಲೇಜಿನಲ್ಲಿ ಲ್ಯಾಬ್ ನಿಜವಾಗಿ ನಡೆಯುತ್ತಿದ್ದರೆ, ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವ ಒಬ್ಬರಾದರೂ ಅಧ್ಯಾಪಕರಿದ್ದರೆ, ಕಣ್ಣು ಮುಚ್ಚಿಕೊಂಡು ಅಲ್ಲೇ ಸೇರಿ. ಇವೆರಡೂ ಇಲ್ಲದಿದ್ದರೆ ಎಷ್ಟೇ ಹತ್ತಿರವಿದ್ದರೂ ಬೇಡ. ಇವು ಇವೆಯೋ ಇಲ್ಲವೋ ಎಂದು ಒಂದೇ ಮಧ್ಯಾಹ್ನದಲ್ಲಿ ತಿಳಿದುಕೊಳ್ಳಬಹುದು. ಅದು ಹೇಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಹತ್ತಿರದ ಕಾಲೇಜನ್ನು ನಾನು ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅನ್ನುವುದು ನಿಮಗೆ ಗೊತ್ತಾಗಬೇಕು.

ಬೇರೆ ವಿಷಯ ಓದುವವರಿಗೆ ಮನೆ ಹತ್ತಿರವಿದ್ದರೆ ಖರ್ಚು ಉಳಿಯುತ್ತದೆ, ದಣಿವು ಕಡಿಮೆಯಾಗುತ್ತದೆ, ಅಷ್ಟೇ. ಪರಿಸರ ವಿಜ್ಞಾನದಲ್ಲಿ ಹತ್ತಿರವಿರುವುದೇ ಓದಿನ ಒಂದು ಭಾಗ. ಒಂದು ಉದಾಹರಣೆ ಕೊಡುತ್ತೇನೆ. ಪಾಚಿ ತುಂಬಿ ಹಸಿರಾದ ಒಂದು ಕೆರೆ ಇದೆ ಎಂದುಕೊಳ್ಳಿ. ಹಗಲಿನಲ್ಲಿ ಬಿಸಿಲು ಬಿದ್ದಾಗ ಪಾಚಿ ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನದ ಹೊತ್ತಿಗೆ ನೀರಿನಲ್ಲಿ ಕರಗಿದ ಆಮ್ಲಜನಕ ತುಂಬಿ ತುಳುಕುತ್ತದೆ. ಕತ್ತಲಾದ ಮೇಲೆ ಆಮ್ಲಜನಕ ಕೊಡುವವರು ಯಾರೂ ಇಲ್ಲ. ಪಾಚಿ, ಮೀನು, ಬ್ಯಾಕ್ಟೀರಿಯಾ ಎಲ್ಲವೂ ಅದನ್ನು ಉಸಿರಾಡುತ್ತಲೇ ಇರುತ್ತವೆ. ಸೂರ್ಯ ಮೂಡುವ ಮುಂಚಿನ ಆ ಒಂದು ಗಂಟೆಯಲ್ಲಿ ಪ್ರಮಾಣ ತಳ ಮುಟ್ಟುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಮೀನುಗಳು ಸತ್ತು ತೇಲುತ್ತಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಶುದ್ಧ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಹನ್ನೊಂದು ಗಂಟೆಗೆ ಕಾಲೇಜಿನ ವಾಹನದಲ್ಲಿ ಬಂದು ಮಾದರಿ ತೆಗೆದುಕೊಂಡು ಹೋದವರಿಗೆ ಅಲ್ಲಿ 9 ಅಥವಾ 10 ಸಿಗಬಹುದು. ಅವರು ‘ಕೆರೆ ಆರೋಗ್ಯವಾಗಿದೆ’ ಎಂದು ಬರೆದುಕೊಂಡು ಹೋಗುತ್ತಾರೆ. ಬೆಳಗಿನ ಜಾವ ಐದಕ್ಕೆ ಬಾಟಲಿ ಹಿಡಿದು ದಡಕ್ಕೆ ಹೋದವರಿಗಷ್ಟೇ ನಿಜ ಗೊತ್ತಾಗುತ್ತದೆ. ಆ ಹೊತ್ತಿನಲ್ಲಿ ಹೋಗಬಲ್ಲವರು ಹತ್ತಿರದಲ್ಲಿರುವವರು ಮಾತ್ರ.

ಬಿಒಡಿ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸುವಾಗ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂದು ಅಳೆಯುವ ಪರೀಕ್ಷೆ ಇದು. ಬಾಟಲಿಯನ್ನು 20 ಡಿಗ್ರಿಯಲ್ಲಿ, ಕತ್ತಲೆಯಲ್ಲಿ, 5 ದಿನ ಇಡಬೇಕು. ಸೋಮವಾರ ಇಟ್ಟರೆ ಶನಿವಾರ ನೋಡಬೇಕು. ಮಂಗಳವಾರ ಇಟ್ಟರೆ ಭಾನುವಾರ ಬರಬೇಕು. ದೂರದಿಂದ ಬರುವ ವಿದ್ಯಾರ್ಥಿಗಳೇ ತುಂಬಿರುವ ತರಗತಿಯಲ್ಲಿ ಐದನೆಯ ದಿನದ ಅಳತೆಯನ್ನು ಲ್ಯಾಬ್ ಸಹಾಯಕರು ಮಾಡಿ ಅಂಕಿ ಕೊಡುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಪರೀಕ್ಷೆಯ ಅರ್ಧ ಭಾಗ ಅವರ ಕೈಗೆ ಬರುವುದೇ ಇಲ್ಲ. ಮೊದಲ ಮಳೆಯದ್ದೂ ಇದೇ ಕಥೆ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತ ಧೂಳು, ಎಣ್ಣೆ, ಟೈರಿನ ಪುಡಿ ಮೊದಲ ಅರ್ಧ ಗಂಟೆಯ ಮಳೆಯಲ್ಲಿ ಕೊಚ್ಚಿಕೊಂಡು ಹಳ್ಳಕ್ಕೆ ಬರುತ್ತದೆ. ಆ ಅರ್ಧ ಗಂಟೆ ಟೈಮ್‌ಟೇಬಲ್ ನೋಡಿಕೊಂಡು ಬರುವುದಿಲ್ಲ.

ನಿಮ್ಮ ಗೆಳೆಯರಿಗೆ ಹೇಳಬೇಕಾದ ಒಂದು ಕಥೆಯೂ ಇದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಡಾರ್ಟ್‌ಮತ್ ಎಂಬ ಕಾಲೇಜಿದೆ. ಅಲ್ಲಿ ಪಾಠ ಮಾಡುತ್ತಿದ್ದ ಹರ್ಬರ್ಟ್ ಬೋರ್ಮನ್, ಜೀನ್ ಲೈಕೆನ್ಸ್ ಮತ್ತು ನಾಯ್ ಜಾನ್ಸನ್ 1963ರಲ್ಲಿ, ಅರಣ್ಯ ಇಲಾಖೆಯ ರಾಬರ್ಟ್ ಪಿಯರ್ಸ್ ಜೊತೆ ಸೇರಿ, ಅದೇ ರಾಜ್ಯದ ಕಾಡಿನಲ್ಲಿದ್ದ ಹಬರ್ಡ್ ಬ್ರೂಕ್ ಎಂಬ ತೊರೆಯ ಜಲಾನಯನವನ್ನು ಅಳೆಯಲು ಶುರು ಮಾಡಿದರು. ಒಳಗೆ ಬೀಳುವ ಮಳೆಯಲ್ಲಿ ಏನಿದೆ, ಹೊರಗೆ ಹರಿಯುವ ನೀರಿನಲ್ಲಿ ಏನಿದೆ, ಇಷ್ಟೇ ಅವರ ಪ್ರಶ್ನೆ. ಮೊದಲ ಮಳೆಯ ಮಾದರಿಯೇ ಅಂದುಕೊಂಡದ್ದಕ್ಕಿಂತ ನೂರು ಪಟ್ಟು ಹೆಚ್ಚು ಆಮ್ಲೀಯವಾಗಿತ್ತು. ಅಲ್ಲಿಗೆ ಅವರು ನಿಲ್ಲಿಸಲಿಲ್ಲ. ವಾರ ವಾರವೂ ಹೋಗಿ ಮಾದರಿ ತಂದರು. ವರ್ಷಗಟ್ಟಲೆ ಹಾಗೆ ಸೇರಿದ ಅಂಕಿಗಳೇ ಉತ್ತರ ಅಮೆರಿಕದಲ್ಲಿ ಆಮ್ಲಮಳೆಗೆ ಸಾಕ್ಷಿಯಾದವು. 1990ರಲ್ಲಿ ಆ ದೇಶದ ವಾಯುಶುದ್ಧಿ ಕಾಯ್ದೆಗೆ ತಿದ್ದುಪಡಿ ಬಂದದ್ದರ ಹಿಂದೆ ಆ ದಾಖಲೆಗಳ ಬಲವಿತ್ತು. ದುಬಾರಿ ಯಂತ್ರಕ್ಕಿಂತ ಹೆಚ್ಚಾಗಿ ಅವರ ಕೈಹಿಡಿದದ್ದು ಮತ್ತೆ ಮತ್ತೆ ಹೋಗಿಬರಬಹುದಾದ ಒಂದು ತೊರೆ.

ಜರ್ಮನಿಯ ಕ್ರೆಫೆಲ್ಡ್‌ನಲ್ಲಿ ಹವ್ಯಾಸಿ ಕೀಟಶಾಸ್ತ್ರಜ್ಞರ ಸಂಘವೊಂದು ತಮ್ಮ ಸುತ್ತಮುತ್ತಲಿನ ಸಂರಕ್ಷಿತ ತಾಣಗಳಲ್ಲಿ ಬಲೆ ಕಟ್ಟಿ ಕೀಟಗಳನ್ನು ತೂಗುತ್ತಾ ಬಂತು. ಆ ಅಂಕಿಗಳನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಲೇಖನ 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಪಾಲಿಗೂ ಹೆಚ್ಚು ಕುಸಿದಿದೆ ಎಂದು ತೋರಿಸಿದಾಗ ಜಗತ್ತೇ ತಿರುಗಿ ನೋಡಿತು. ಒಂದೇ ಜಾಗಕ್ಕೆ ಬಿಡದೆ ಹೋಗುವವರಿಗೆ ಈ ವಿಜ್ಞಾನ ಬಾಗಿಲು ತೆರೆಯುತ್ತದೆ. ಮೂರು ವರ್ಷ ನಿಮ್ಮ ಮನೆಯ ಹಿಂದಿನ ಹಳ್ಳವನ್ನೇ ಅಳೆದರೆ ನಿಮ್ಮ ಹತ್ತಿರ ಇರುವ ದಾಖಲೆ ಬೇರೆ ಯಾರ ಹತ್ತಿರವೂ ಇರುವುದಿಲ್ಲ.

ಈಗ ಕಾಲೇಜನ್ನು ನೋಡುವ ಬಗೆ. ಪ್ರವೇಶದ ದಿನ ಹೋಗಬೇಡಿ. ಆ ದಿನ ಎಲ್ಲವೂ ತೊಳೆದಿಟ್ಟಂತೆ ಇರುತ್ತದೆ. ಮೊದಲೇ ಫೋನ್ ಮಾಡಿ ಪ್ರಾಯೋಗಿಕ ತರಗತಿ ಯಾವ ದಿನ ಇದೆ ಎಂದು ಕೇಳಿ, ಆ ಮಧ್ಯಾಹ್ನ ಹೋಗಿ, ವಿನಯದಿಂದ ಅನುಮತಿ ಕೇಳಿ ಲ್ಯಾಬ್ ಒಳಗೆ ಒಂದು ಸುತ್ತು ಬನ್ನಿ. ಮೊದಲು ನೀರು ಎಷ್ಟು ಆಮ್ಲೀಯ ಎಂದು ಅಳೆಯುವ ಪಿಎಚ್ ಮೀಟರ್ ನೋಡಿ. ಅದಕ್ಕೊಂದು ಗಾಜಿನ ಎಲೆಕ್ಟ್ರೋಡ್ ಇರುತ್ತದೆ. ಅದರ ತುದಿ ಯಾವಾಗಲೂ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆದಿರಬೇಕು. ತುದಿ ಒಣಗಿ, ಬಿಳಿ ಉಪ್ಪು ಹರಳುಗಟ್ಟಿದ್ದರೆ ತಿಂಗಳುಗಳಿಂದ ಅದನ್ನು ಯಾರೂ ಮುಟ್ಟಿಲ್ಲ ಎಂದೇ ಅರ್ಥ. ಪಕ್ಕದಲ್ಲಿ 4, 7, 10 ಪಿಎಚ್‌ನ ಬಫರ್ ದ್ರಾವಣಗಳಿವೆಯೇ ನೋಡಿ. ಅವಿಲ್ಲದೆ ಮೀಟರನ್ನು ಸರಿಹೊಂದಿಸಲಾಗದು, ಸರಿಹೊಂದಿಸದ ಮೀಟರು ತೋರಿಸುವ ಅಂಕಿಗೆ ಬೆಲೆಯಿಲ್ಲ.

ಆಮೇಲೆ ಬಾಟಲಿಗಳನ್ನು ಒಂದೇ ಉಷ್ಣತೆಯಲ್ಲಿ ಇಡುವ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರಿನ ಬಾಗಿಲು ತೆರೆಯಲು ಹೇಳಿ. ಒಳಗೆ ಚೀಟಿ ಅಂಟಿಸಿದ ಬಿಒಡಿ ಬಾಟಲಿಗಳು ನಿಂತಿದ್ದರೆ ಮನಸ್ಸಿಗೆ ಸಮಾಧಾನವಾಗುತ್ತದೆ. ಖಾಲಿ ಇದ್ದರೆ ಯಾಕೆ ಎಂದು ಕೇಳಿ, ರಜೆಯ ನಂತರದ ವಾರ ಆಗಿರಬಹುದು. ಒಳಗೆ ಹಳೆಯ ಫೈಲುಗಳನ್ನು ಜೋಡಿಸಿಟ್ಟಿದ್ದರೆ ಕೇಳುವ ಅಗತ್ಯವೇ ಇಲ್ಲ. ಕಪಾಟಿನಲ್ಲಿರುವ ದ್ರಾವಣಗಳ ಬಾಟಲಿಗಳ ಮೇಲೆ ತಯಾರಿಸಿದ ದಿನಾಂಕ ಬರೆದಿದೆಯೇ ನೋಡಿ. ಥಯೋಸಲ್ಫೇಟ್‌ನಂಥ ದ್ರಾವಣ ದಿನ ಕಳೆದಂತೆ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ದಿನಾಂಕ ಬರೆಯುವ ಅಭ್ಯಾಸವಿರುವ ಲ್ಯಾಬ್‌ನಲ್ಲಿ ಲೆಕ್ಕ ಇಡುವ ಅಭ್ಯಾಸವೂ ಇರುತ್ತದೆ.

ಇಷ್ಟೆಲ್ಲಕ್ಕಿಂತ ಮುಖ್ಯವಾದ ವಸ್ತು ಒಂದಿದೆ. ಹಿರಿಯ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕ. ಒಂದೇ ಪ್ರಯೋಗದ ಪುಟವನ್ನು ನಾಲ್ಕು ಜನರ ಪುಸ್ತಕದಲ್ಲಿ ತೆರೆದು ಪಕ್ಕಪಕ್ಕ ಇಟ್ಟು ನೋಡಿ. ನಾಲ್ವರಿಗೂ ಕರಗಿದ ಆಮ್ಲಜನಕ 6.4 ಎಂದೇ ಬಂದಿದ್ದರೆ ಅದು ಒಬ್ಬರು ಮಾಡಿದ್ದು, ಮೂವರು ನಕಲು ಮಾಡಿದ್ದು, ಅಥವಾ ನಾಲ್ವರೂ ಹಳೆಯ ಪುಸ್ತಕ ನೋಡಿ ಬರೆದದ್ದು. ಒಬ್ಬರಿಗೆ 6.1, ಇನ್ನೊಬ್ಬರಿಗೆ 6.8, ಮತ್ತೊಬ್ಬರ ಪುಟದಲ್ಲಿ ಗೀಟು ಹೊಡೆದ ಅಂಕಿ, ಪಕ್ಕದಲ್ಲಿ ‘ಬಾಟಲಿಯಲ್ಲಿ ಗುಳ್ಳೆ ಉಳಿದಿತ್ತು, ಮತ್ತೆ ಮಾಡಿದೆ’ ಎಂಬ ಒಂದು ಸಾಲು. ಇಂಥ ಪುಸ್ತಕ ಕಂಡರೆ ಆ ಕಾಲೇಜಿನ ಗೋಡೆಗೆ ಬಣ್ಣ ಇಲ್ಲದಿದ್ದರೂ ಪರವಾಗಿಲ್ಲ, ಸೇರಿಕೊಳ್ಳಿ. ಹೊಸ ಕಾಲೇಜುಗಳಿಗೆ ಹೋದಾಗ ನಾನು ಇವತ್ತಿಗೂ ಮೊದಲು ಹುಡುಕುವುದು ಆ ಗೀಟು ಹೊಡೆದ ಅಂಕಿಯನ್ನೇ.

ಅಧ್ಯಾಪಕರ ವಿಷಯ. ಸಣ್ಣ ಕಾಲೇಜುಗಳಲ್ಲಿ ಪರಿಸರ ವಿಜ್ಞಾನವನ್ನು ಸಸ್ಯಶಾಸ್ತ್ರದವರೋ ರಸಾಯನಶಾಸ್ತ್ರದವರೋ ಪಾಠ ಮಾಡುತ್ತಿರುತ್ತಾರೆ. ಅದನ್ನು ಕೊರತೆ ಎಂದುಕೊಳ್ಳಬೇಡಿ. ಪರಿಸರ ವಿಜ್ಞಾನ ಅಂಥವರಿಂದಲೇ ಕಟ್ಟಿಕೊಂಡು ಬಂದ ವಿಷಯ. ಬೋರ್ಮನ್ ಸ್ವತಃ ಸಸ್ಯಶಾಸ್ತ್ರದವರು, ಜಾನ್ಸನ್ ಭೂವಿಜ್ಞಾನದವರು. ಕಾಲೇಜಿನ ಅಧ್ಯಾಪಕರನ್ನು ಭೇಟಿ ಮಾಡಿದಾಗ ಒಂದೇ ಪ್ರಶ್ನೆ ಕೇಳಿ: “ಕಳೆದ ವರ್ಷ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಿದ್ರಿ, ಏನು ಅಳೆದ್ರು?” ಎಲ್ಲಿಗೆ ಎನ್ನುವುದಕ್ಕಿಂತ ಏನು ಅಳೆದರು ಎನ್ನುವುದಕ್ಕೆ ಬರುವ ಉತ್ತರ ಮುಖ್ಯ. ದೂರದ ಅಭಯಾರಣ್ಯಕ್ಕೆ ಮೂರು ದಿನ ಹೋಗಿ ಫೋಟೊ ತೆಗೆಸಿಕೊಂಡು ಬರುವುದು ಪ್ರವಾಸ. ಕಾಲೇಜಿನ ಹಿಂದಿನ ಬಯಲಿನಲ್ಲಿ ಒಂದು ಮೀಟರ್ ಚದರದ ಚೌಕಟ್ಟು ಹಾಕಿ, ಅದರೊಳಗಿನ ಪ್ರತಿ ಗಿಡವನ್ನೂ ಗುರುತಿಸಿ ಎಣಿಸುವುದು ಕ್ಷೇತ್ರಕಾರ್ಯ. ಉತ್ತರ ಹೇಳುವಾಗ ಅವರ ಕಣ್ಣು ಅರಳಿದರೆ, ಕಪಾಟಿನಿಂದ ಯಾವುದೋ ಹಳೆಯ ಪ್ರಾಜೆಕ್ಟ್ ವರದಿ ಎಳೆದು ತೋರಿಸಲು ಎದ್ದರೆ, ನಿಮಗೆ ಗುರು ಸಿಕ್ಕಿದರು.

ನಾನು ಓದಿದ್ದು ಇಂಥದ್ದೇ ಒಂದು ಸಾಧಾರಣ ಕಾಲೇಜಿನಲ್ಲಿ. ಟೈಟ್ರೇಶನ್, ಅಂದರೆ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಪ್ರಮಾಣ ಅಳೆಯುವುದನ್ನು ಕಲಿಸಿದವರು ಅಧ್ಯಾಪಕರಲ್ಲ, ಲ್ಯಾಬ್ ಸಹಾಯಕರು. ಬಾಟಲಿಗೆ ನೀರು ತುಂಬುವಾಗ ಒಂದು ಗುಳ್ಳೆ ಉಳಿದರೂ ಅವರು ಚೆಲ್ಲಿಸಿ ಮತ್ತೆ ತುಂಬಿಸುತ್ತಿದ್ದರು. “ಗಾಳಿ ಒಳಗೆ ಇಟ್ಕೊಂಡು ಆಮ್ಲಜನಕ ಅಳೀತೀಯೇನಪ್ಪಾ” ಅನ್ನುತ್ತಿದ್ದರು. ಆ ಶಿಸ್ತನ್ನು ಮುಂದೆ ನಾನು ಕೆಲಸ ಮಾಡಿದ ಯಾವ ದೊಡ್ಡ ಲ್ಯಾಬ್ ಕೂಡ ಹೊಸದಾಗಿ ಕಲಿಸಬೇಕಾಗಲಿಲ್ಲ.

ಹಾಗೆಂದು ಹೆಸರುವಾಸಿ ಕಾಲೇಜಿನಲ್ಲಿ ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಗ್ರಂಥಾಲಯ ಇರುತ್ತದೆ, ಸಂಶೋಧನೆ ಮಾಡುವ ಹಿರಿಯರು ಇರುತ್ತಾರೆ, ಮುಂದೆ ಕೈಹಿಡಿಯುವ ಹಳೆಯ ವಿದ್ಯಾರ್ಥಿಗಳ ಬಳಗ ಇರುತ್ತದೆ. ಇವು ಸಣ್ಣ ಲಾಭಗಳಲ್ಲ. ಆದರೆ ಅಲ್ಲಿಯೂ ಇದೇ ಪರೀಕ್ಷೆ ಮಾಡಿ. ನೀರಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಅಳೆಯುವ ದುಬಾರಿ ಯಂತ್ರವನ್ನು ತೋರಿಸಿದರೆ, ಪದವಿ ವಿದ್ಯಾರ್ಥಿಗಳು ಇದನ್ನು ಮುಟ್ಟುತ್ತಾರೆಯೇ ಎಂದು ಕೇಳಿ. ಗಾಜಿನ ಗೋಡೆಯಾಚೆಯಿಂದ ಮೂರು ವರ್ಷ ನೋಡಿದ ಯಂತ್ರಕ್ಕಿಂತ ಸ್ವಂತ ಕೈಯಲ್ಲಿ ನೂರು ಸಲ ಹಿಡಿದ ಬ್ಯೂರೆಟ್ (ಹನಿ ಬಿಡುವ ಅಳತೆಯ ಗಾಜಿನ ಕೊಳವೆ) ಹೆಚ್ಚು ಕಲಿಸುತ್ತದೆ.

ಪ್ರಯಾಣದ ಲೆಕ್ಕವನ್ನೂ ಹಾಕಿ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ. ವಾರಕ್ಕೆ 5 ದಿನವಾದರೆ 15 ಗಂಟೆ. ಪ್ರಾಯೋಗಿಕ ತರಗತಿಗಳು ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಇರುತ್ತವೆ, ಹೇಳಿದ ಹೊತ್ತಿಗೆ ಮುಗಿಯುವುದಿಲ್ಲ. ಮನೆಗೆ ಹೊರಡುವ ಬಸ್ಸಿನ ಕಡೆಗೆ ಒಂದು ಕಣ್ಣಿಟ್ಟುಕೊಂಡು ಟೈಟ್ರೇಶನ್ ಮಾಡಿದರೆ ಹನಿ ಜಾಸ್ತಿ ಬೀಳುತ್ತದೆ. ಆ ಊರಿನಲ್ಲೇ ಹಾಸ್ಟೆಲಿನಲ್ಲಿ ಉಳಿಯುವ ಅನುಕೂಲವಿದ್ದರೆ ಮಾತು ಬೇರೆ. ಆಗ ಅದೇ ನಿಮಗೆ ಹತ್ತಿರದ ಕಾಲೇಜಾಗುತ್ತದೆ, ಅಲ್ಲಿನ ಕೆರೆಯೇ ನಿಮ್ಮ ಕೆರೆ.

ಸಿಲಬಸ್ ಓದದೆ ಮಾತ್ರ ಎಲ್ಲಿಯೂ ಹಣ ಕಟ್ಟಬೇಡಿ. ‘ಪರಿಸರ’ ಎಂಬ ಪದ ಇರುವ ಕೋರ್ಸುಗಳೆಲ್ಲ ಒಂದೇ ಅಲ್ಲ. ಪರಿಸರ ವಿಜ್ಞಾನದಲ್ಲಿ ರಸಾಯನಶಾಸ್ತ್ರ, ಜೀವವಿಜ್ಞಾನ, ಭೂವಿಜ್ಞಾನ ಮತ್ತು ಅಳತೆ. ಪರಿಸರ ಅಧ್ಯಯನದಲ್ಲಿ ಕಾನೂನು, ನೀತಿ, ಸಮಾಜದ ಪಾಲು ಹೆಚ್ಚು. ಪರಿಸರ ಎಂಜಿನಿಯರಿಂಗ್ ಎಂದರೆ ಕೊಳಚೆ ನೀರಿನ ಶುದ್ಧೀಕರಣ ಘಟಕದಂಥವನ್ನು ವಿನ್ಯಾಸ ಮಾಡುವ ಓದು. ಮೂರೂ ಒಳ್ಳೆಯವೇ. ಆದರೆ ಒಂದಕ್ಕೆ ಸೇರಿ ಇನ್ನೊಂದನ್ನು ನಿರೀಕ್ಷಿಸಿದರೆ ಎರಡನೆಯ ವರ್ಷಕ್ಕೆ ಬೇಸರ ಶುರುವಾಗುತ್ತದೆ. ಸಿಲಬಸ್‌ನಲ್ಲಿ ಸಂಖ್ಯಾಶಾಸ್ತ್ರ ಇದೆಯೇ ಎಂದು ಬೆರಳಿಟ್ಟು ಹುಡುಕಿ. ಹಳ್ಳದ ನೀರು ಹೋದ ವರ್ಷಕ್ಕಿಂತ ಕೆಟ್ಟಿದೆಯೋ, ಇಲ್ಲ ಇದು ವರ್ಷದಿಂದ ವರ್ಷಕ್ಕೆ ಆಗುವ ಸಹಜ ಏರಿಳಿತವೋ ಎಂದು ಹೇಳಲು ಸಂಖ್ಯಾಶಾಸ್ತ್ರ ಬೇಕೇ ಬೇಕು. ಅದು ಬಾರದವರು ಪರಿಸರದ ಬಗ್ಗೆ ಭಾಷಣ ಮಾಡಬಹುದು, ವರದಿ ಬರೆಯಲಾರರು. ಪದವಿಗೆ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ, ಮುಂದೆ ಸ್ನಾತಕೋತ್ತರ ಪದವಿಗೆ ಈ ವಿಷಯಗಳ ಜೋಡಿ ನಡೆಯುತ್ತದೆಯೇ ಎಂಬುದನ್ನು ವಿಶ್ವವಿದ್ಯಾಲಯದ ಪ್ರಕಟಣೆಯಲ್ಲೇ ನೋಡಿ ಖಚಿತ ಮಾಡಿಕೊಳ್ಳಿ. ಬಾಯಿಮಾತನ್ನು ನಂಬಬೇಡಿ.

ಹತ್ತಿರದ ಕಾಲೇಜಿನಲ್ಲಿ ಇಲ್ಲದ ಕೆಲವನ್ನು ಮನೆಯಲ್ಲೇ ತುಂಬಿಕೊಳ್ಳಬಹುದು. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿವೆ, 2008ರಿಂದ ಆ ಇಡೀ ಸಂಗ್ರಹ ಎಲ್ಲರಿಗೂ ಉಚಿತ. 2015ರಲ್ಲಿ ಮೊದಲು ಹಾರಿದ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ 10 ಮೀಟರಿನಷ್ಟು ಜಾಗ ಒಂದು ಚುಕ್ಕೆಯಾಗಿ ಕಾಣುತ್ತದೆ, ಅದೂ ಉಚಿತ. ಇವನ್ನು ತೆರೆದು ನೋಡಲು ಬೇಕಾದ ಕ್ಯೂಜಿಐಎಸ್, ಅಂಕಿಅಂಶದ ಲೆಕ್ಕಕ್ಕೆ ಬೇಕಾದ ಆರ್ (R), ಈ ಎರಡು ತಂತ್ರಾಂಶಗಳಿಗೂ ಹಣ ಕೊಡಬೇಕಾಗಿಲ್ಲ. ನಿಮ್ಮ ಸುತ್ತಲಿನ ಒಂದು ಕೆರೆಯ ಅಂಚನ್ನು ಬೇರೆ ಬೇರೆ ವರ್ಷಗಳ ಚಿತ್ರದ ಮೇಲೆ ಗೆರೆ ಎಳೆದು ನೋಡಿ. ಎಷ್ಟು ಕುಗ್ಗಿದೆ ಎಂದು ಒಂದು ರಜೆಯಲ್ಲಿ ಗೊತ್ತಾಗುತ್ತದೆ. ಮನೆಯಲ್ಲಿ ತುಂಬಿಕೊಳ್ಳಲಾಗದ್ದು ಎರಡೇ: ಕೈ ತಿದ್ದುವ ಗುರು, ಕೈ ಕೊಳೆಯಾಗುವ ಲ್ಯಾಬ್. ಅದಕ್ಕೇ ಮೊದಲಿಗೆ ಆ ಎರಡನ್ನೇ ಹೇಳಿದ್ದು.

ಒಂದು ವೇಳೆ ಹತ್ತಿರದ ಕಾಲೇಜಿನಲ್ಲಿ ಪರಿಸರ ವಿಜ್ಞಾನ ವಿಭಾಗ ಹೆಸರಿಗೆ ಮಾತ್ರ ಇದ್ದು, ರಸಾಯನಶಾಸ್ತ್ರ ಅಥವಾ ಭೂವಿಜ್ಞಾನ ವಿಭಾಗ ಚೆನ್ನಾಗಿದ್ದರೆ? ಆಗ ಆ ಚೆನ್ನಾಗಿರುವ ವಿಷಯವನ್ನೇ ಪದವಿಯಲ್ಲಿ ಓದಿ, ಸ್ನಾತಕೋತ್ತರದಲ್ಲಿ ಪರಿಸರ ವಿಜ್ಞಾನಕ್ಕೆ ಬನ್ನಿ. ಈ ಕ್ಷೇತ್ರದಲ್ಲಿ ಒಳ್ಳೆಯ ಕೆಲಸ ಮಾಡುತ್ತಿರುವ ಎಷ್ಟೋ ಜನ ಆ ದಾರಿಯಲ್ಲೇ ಬಂದವರು. ನೀರು, ಗಾಳಿ, ಮಣ್ಣಿನ ಪರೀಕ್ಷಾಲಯಗಳು, ಯೋಜನೆಗಳ ಪರಿಸರ ಪರಿಣಾಮ ಅಂದಾಜಿಸುವ ಸಂಸ್ಥೆಗಳು, ಕಾರ್ಖಾನೆಗಳ ಪರಿಸರ ವಿಭಾಗಗಳು, ತ್ಯಾಜ್ಯ ನಿರ್ವಹಣೆ, ವನ್ಯಜೀವಿ ಸಮೀಕ್ಷೆ, ಎಲ್ಲಿಯೇ ಆದರೂ ಜವಾಬ್ದಾರಿಯ ಹುದ್ದೆಗೆ ಏರಲು ಮೊದಲ ಪದವಿಯೊಂದೇ ಹೆಚ್ಚಾಗಿ ಸಾಲುವುದಿಲ್ಲ. ಹೇಗೂ ಇನ್ನೆರಡು ವರ್ಷ ಓದುತ್ತೀರಿ. ಆಗ ಮನೆ ಬಿಟ್ಟು ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಿ, ಆ ದುಬಾರಿ ಯಂತ್ರಗಳು ಆಗ ನಿಮ್ಮ ಕೈಗೆ ಸಿಗುತ್ತವೆ. ಗೆಳೆಯರು ದಾರಿಯಿಲ್ಲ ಎಂದರಲ್ಲ, ದಾರಿ ಅಲ್ಲಿದೆ.

ಕೊನೆಗೆ ರಸಾಯನಶಾಸ್ತ್ರ. ಅಷ್ಟಕ್ಕಷ್ಟೇ ಎಂದಿರಿ. ಹೆದರಬೇಡಿ, ಆದರೆ ತಪ್ಪಿಸಿಕೊಳ್ಳಲೂ ಬೇಡಿ, ಈ ವಿಷಯದ ಅರ್ಧ ಜೀವ ಅದರಲ್ಲಿದೆ. ನಿಮಗೆ ಬೇಕಾದದ್ದು ಇಡೀ ರಸಾಯನಶಾಸ್ತ್ರವಲ್ಲ. ಮೋಲ್ ಲೆಕ್ಕ, ದ್ರಾವಣದ ಸಾಂದ್ರತೆ, ಆಮ್ಲ-ಪ್ರತ್ಯಾಮ್ಲ, ಆಕ್ಸಿಡೀಕರಣ-ಅಪಕರ್ಷಣ, ಈ ನಾಲ್ಕು ಗಟ್ಟಿಯಾದರೆ ಮೊದಲ ವರ್ಷ ದಾಟಬಹುದು. ಕಾಲೇಜು ಶುರುವಾಗುವ ಮೊದಲೇ ಒಂದು ಪ್ರಯೋಗವನ್ನು ಮನಸ್ಸಿನಲ್ಲಿ ಮಾಡಿ ನೋಡಿ. ಲುಡ್ವಿಗ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನ ಇದು, ಇಂದಿಗೂ ಲ್ಯಾಬ್‌ಗಳಲ್ಲಿ ನಡೆಯುತ್ತಿದೆ. ದಡದಲ್ಲೇ ನಿಂತು, ನೀರು ತುಂಬಿದ 300 ಮಿಲಿಲೀಟರ್ ಬಾಟಲಿಗೆ ಮ್ಯಾಂಗನೀಸ್ ಸಲ್ಫೇಟ್, ಅದರ ಹಿಂದೆಯೇ ಕ್ಷಾರಯುಕ್ತ ಅಯೊಡೈಡ್ ಹಾಕುತ್ತೀರಿ. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣದ ಗಸಿ ಮೋಡದಂತೆ ಇಳಿಯುತ್ತದೆ. ಇಲ್ಲದಿದ್ದರೆ ಗಸಿ ಬಿಳಿ. ಬೆಳಗಿನ ಜಾವದ ಕೆರೆಯಲ್ಲಿ ಆ ಬಿಳಿಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಆಮೇಲೆ ಆಮ್ಲ ಹಾಕಿದರೆ ಕಂದು ಗಸಿ ಕರಗಿ ಅಯೊಡಿನ್ನಿನ ಹಳದಿ ಬರುತ್ತದೆ. ಬ್ಯೂರೆಟ್‌ನಿಂದ ಥಯೋಸಲ್ಫೇಟ್ ಬಿಡುತ್ತಾ ಹೋಗಿ, ಹಳದಿ ತಿಳಿಯಾದಾಗ ಪಿಷ್ಟ ಹಾಕಿದರೆ ಕಡುನೀಲಿ. ಇನ್ನೊಂದೆರಡು ಹನಿ, ನೀಲಿ ಥಟ್ಟನೆ ಮಾಯ.

ಆ ಬಾಟಲಿಯಿಂದ 200 ಮಿಲಿಲೀಟರ್ ತೆಗೆದುಕೊಂಡು 0.025 ನಾರ್ಮಲ್ ಸಾಂದ್ರತೆಯ ಥಯೋಸಲ್ಫೇಟ್ ಬಳಸಿದ್ದರೆ, ಖರ್ಚಾದ ಪ್ರತಿ ಮಿಲಿಲೀಟರೂ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕಕ್ಕೆ ಸಮ. ಬ್ಯೂರೆಟ್ 3.5 ತೋರಿಸಿದರೆ ನೀರಿನಲ್ಲಿರುವುದೂ ಲೀಟರಿಗೆ 3.5 ಮಿಲಿಗ್ರಾಂ. ಯಾಕೆ ಹಾಗೆ? ಆಮ್ಲಜನಕದ ಒಂದು ಅಣುವಿಗೆ ನಾಲ್ಕು ಥಯೋಸಲ್ಫೇಟ್ ಖರ್ಚಾಗುತ್ತದೆ, ಆಮ್ಲಜನಕದ ಅಣುಭಾರ 32. ಇಷ್ಟು ಸುಳಿವು ಸಾಕು. ಕಾಲೇಜು ನೋಡಲು ಹೋಗುವ ಮುನ್ನ ಒಂದು ಹಾಳೆ ತೆಗೆದುಕೊಂಡು ಈ ಲೆಕ್ಕ ಬಿಡಿಸಿ. ಮೊದಲ ಸಲಕ್ಕೆ ಬರದಿದ್ದರೆ ಆ ಹಾಳೆಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ, ಲ್ಯಾಬ್‌ನಲ್ಲಿ ಸಿಗುವ ಅಧ್ಯಾಪಕರನ್ನು ಕೇಳಿ. ಅವರು ಕುರ್ಚಿ ಎಳೆದು ಕೂರಿಸಿ ಬಿಡಿಸಿ ತೋರಿಸುತ್ತಾರೋ ಇಲ್ಲವೋ ಅನ್ನುವುದನ್ನೂ ಗಮನಿಸಿ.